ಪ್ರವೇಶ ಪರೀಕ್ಷೆಯ ವಿಜ್ಞಾನ: ಭೌತಶಾಸ್ತ್ರ ಮೇಡಂ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಕಾಲೇಜು ಪ್ರವೇಶ ಪರೀಕ್ಷೆಗೆ ಓದುತ್ತಿರುವ ಮಕ್ಕಳು ಮೂಲ ವಿಜ್ಞಾನದ ಸಂದೇಹಗಳನ್ನು ಇಲ್ಲಿ ಕೇಳಬಹುದು. ಭೌತಶಾಸ್ತ್ರ ಕಲಿಸುವ ಮೇಡಂ ಉತ್ತರಿಸುತ್ತಾರೆ.

ಸುಮಾ: ಮೇಡಂ, ದ್ರವ್ಯರಾಶಿ, ತೂಕ ಎರಡೂ ಒಂದೇನಾ?

ಮೇಡಂ: ಅಲ್ಲಮ್ಮ. ದ್ರವ್ಯರಾಶಿ ಕಿಲೋಗ್ರಾಂನಲ್ಲಿ, ತೂಕ ನ್ಯೂಟನ್‌ನಲ್ಲಿ. ಚಂದ್ರನ ಮೇಲೆ ತೂಕ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತೆ, ದ್ರವ್ಯರಾಶಿ ಇದ್ದಷ್ಟೇ ಇರುತ್ತೆ.

ದೀಪಾ: ಆವರ್ತ ಕೋಷ್ಟಕದಲ್ಲಿ ಎಷ್ಟು ಧಾತು ಬಾಯಿಪಾಠ ಆಗಿರಬೇಕು ಮೇಡಂ?

ಕಿರಣ್: ಮೇಡಂ, ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತಲ್ಲ, ಅಲ್ಲಿ ವೇಗೋತ್ಕರ್ಷ ಸೊನ್ನೆ ಅಂತ ಬರೆದೆ. ತಪ್ಪು ಹಾಕಿದ್ದಾರೆ. ನನಗೆ ಲೆಕ್ಕ ಎಲ್ಲ ಸರಿ ಬರುತ್ತೆ, ಇಂಥದ್ದರಲ್ಲೇ ಅಂಕ ಹೋಗುತ್ತೆ.

ಮೇಡಂ: ಕಿರಣ್, "ಲೆಕ್ಕ ಎಲ್ಲ ಸರಿ ಬರುತ್ತೆ" ಅಂದ್ಯಲ್ಲ, ನನಗೆ ಆತಂಕ ಆಗಿದ್ದು ಆ ಮಾತಿಗೇ. ಸೂತ್ರಕ್ಕೆ ಸಂಖ್ಯೆ ಹಾಕೋದು ಬಂದಿದೆ, ಚೆಂಡಿಗೆ ಏನಾಗ್ತಿದೆ ಅನ್ನೋದು ಕಣ್ಣಿಗೆ ಕಟ್ಟಿಲ್ಲ. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದೆ ಅಂದುಕೋ, ಗಾಳಿಯ ತಡೆ ಬಿಟ್ಟುಬಿಡು. 1 ಸೆಕೆಂಡ್ ಆದಾಗ ವೇಗ 9.8. 2 ಸೆಕೆಂಡಿಗೆ ಸೊನ್ನೆ. 3ನೇ ಸೆಕೆಂಡಿಗೆ ಕೆಳಮುಖವಾಗಿ 9.8. ಪ್ರತಿ ಸೆಕೆಂಡಿಗೂ 9.8ರಷ್ಟು ಬದಲಾಗ್ತಾನೇ ಇದೆ, ಮಧ್ಯೆ ಎಲ್ಲೂ ಬಿಡುವಿಲ್ಲ. ಆ ಬದಲಾವಣೆಯ ಹೆಸರೇ ವೇಗೋತ್ಕರ್ಷ. ತುದಿಯಲ್ಲಿ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆಗಿದ್ದರೆ ಚೆಂಡು 19.6 ಮೀಟರ್ ಎತ್ತರದಲ್ಲಿ ಹಾಗೇ ನಿಂತುಬಿಡಬೇಕಿತ್ತು. ಕೆಳಗೆ ಬರೋದಕ್ಕೆ ಕಾರಣವೇ ಇರ್ತಿರಲಿಲ್ಲ. ಈಗ ಒಂದು ಕೆಲಸ ಮಾಡು. ಚೆಂಡು ಮೇಲೆ ಹೋಗುವಾಗ, ತುದಿಯಲ್ಲಿ, ಇಳಿಯುವಾಗ ಅದರ ಮೇಲಿರುವ ಬಲಗಳನ್ನು ಬಾಣ ಹಾಕಿ ಬಿಡಿಸಿ ಇಲ್ಲಿ ಕಳಿಸು. ನಾನು ನೋಡಬೇಕು.

ವಸಂತ: *(ಬಂದಿದ್ದು, ಕಳಿಸಿದೆ)* ಮಕ್ಕಳಿಗೆ ತಪ್ಪದೇ ತಲುಪಿಸಿ! ಉತ್ತರ ಗೊತ್ತಿಲ್ಲದಿದ್ದರೆ ಅತಿ ಉದ್ದದ ಆಯ್ಕೆ ಗುರುತಿಸಿ. ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ. ಅಶುದ್ಧ ರಕ್ತ ನೀಲಿ. ರಾತ್ರಿಯಿಡೀ ಓದಲು ಎಚ್ಚರದ ಮಾತ್ರೆ ನುಂಗಿಸಿ.

ಮೇಡಂ: ದಯವಿಟ್ಟು ಇದನ್ನು ಯಾರೂ ಮುಂದಕ್ಕೆ ಕಳಿಸಬೇಡಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಆರಂಭದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ. ಋತು ಬದಲಾಗೋದು ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ. ರಕ್ತ ಯಾವಾಗಲೂ ಕೆಂಪು, ಆಮ್ಲಜನಕ ಕಡಿಮೆಯಾದಾಗ ಗಾಢ ಕೆಂಪು. ವೈದ್ಯರು ಹೇಳದೆ ಮಕ್ಕಳಿಗೆ ಯಾವ ಮಾತ್ರೆಯನ್ನೂ ಕೊಡಬೇಡಿ. ನಿದ್ದೆಗೆಟ್ಟರೆ ಓದಿದ್ದೂ ತಲೆಯಲ್ಲಿ ನಿಲ್ಲಲ್ಲ.

ವಸಂತ: ಒಳ್ಳೇ ಉದ್ದೇಶಕ್ಕೆ ಹಾಕಿದ್ದು ಮೇಡಂ. ನಮ್ಮ ಸಂಬಂಧಿಕರ ಹುಡುಗ ಹೀಗೇ ಓದಿ ಸೀಟು ತಗೊಂಡ.

ಮೇಡಂ: ಉದ್ದೇಶ ಒಳ್ಳೇದಿದ್ದರೆ ಅಳಿಸಿ.

ರಮ್ಯಾ: ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇರಲ್ಲ ಅಲ್ವಾ?

ಮೇಡಂ: ಇರುತ್ತೆ. ಸುಮಾರು 400 ಕಿ.ಮೀ. ಎತ್ತರದಲ್ಲೂ ನೆಲದ ಮೇಲಿನ ಶೇ. 90ರಷ್ಟು ಇರುತ್ತೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳ್ತಾ ಇರೋದರಿಂದ ತೂಕ ತಿಳಿಯಲ್ಲ.

ಶಂಕರ್: ಜೀವಶಾಸ್ತ್ರದ್ದೂ ಹೇಳ್ತೀನಿ, ಬರ್ಕೊಳ್ಳಿ ಮಕ್ಕಳೇ. ಗಿಡ ಕಾರ್ಬನ್ ಡೈಆಕ್ಸೈಡ್ ಒಡೆದು ಅದರ ಆಮ್ಲಜನಕವನ್ನು ಹೊರಗೆ ಬಿಡುತ್ತೆ.

ನಂದಿನಿ: ಇಲ್ಲ ಸರ್, ಆ ಆಮ್ಲಜನಕ ಬರೋದು ನೀರಿನಿಂದ. ವಿಜ್ಞಾನಿಗಳಾದ ರೂಬೆನ್, ಕೇಮೆನ್ ಮತ್ತು ಸಂಗಡಿಗರು 1941ರಲ್ಲಿ ಆಮ್ಲಜನಕ-18 (ಆಮ್ಲಜನಕದ ಭಾರವಾದ ರೂಪ) ಬಳಸಿ ತೋರಿಸಿದ್ದು ಅದನ್ನೇ.

ಶಂಕರ್: ಇಪ್ಪತ್ತು ವರ್ಷದಿಂದ ಟ್ಯೂಷನ್ ಹೇಳ್ತಿದ್ದೀನಿ. ನಿಮ್ಮಿಂದ ಕಲೀಬೇಕಾ?

ನಂದಿನಿ: ಎಷ್ಟು ವರ್ಷ ಹೇಳಿದರೂ ತಪ್ಪು ತಪ್ಪೇ ಸರ್. ಮಕ್ಕಳು ಬರ್ಕೊಳ್ತಿದ್ದಾರೆ.

ಶಂಕರ್: ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು?

ಮೇಡಂ: ನೀರಿನಿಂದಲೇ. ನಂದಿನಿ ಹೇಳಿದ್ದು ಸರಿ.

ಶಂಕರ್: ನೀವೂ ಅವರ ಪರವೇ. ಆಯ್ತು, ನಡೆಸಿ.

ದೀಪಾ: ಮೇಡಂ, ಆವರ್ತ ಕೋಷ್ಟಕ?

ಮಹೇಶ: ದ್ರವ್ಯರಾಶಿ ಮತ್ತು ತೂಕಕ್ಕೆ ವ್ಯತ್ಯಾಸ ತಿಳಿಸಿ.

ಮೇಡಂ: ಮೊದಲ ಪ್ರಶ್ನೆಯೇ ಅದು. ಮೇಲೆ ಓದಿ.

ಮಹೇಶ: ಒಂದು ಸಾಲು ಹೇಳಿದ್ರೆ ಏನಾಗ್ತಿತ್ತು?

ಕಿರಣ್: ಮೇಡಂ, ಚಿತ್ರ ಹಾಕಿದ್ದೀನಿ. ತುದಿಯಲ್ಲಿ, ಇಳಿಯುವಾಗ ಕೆಳಕ್ಕೆ ಒಂದೇ ಬಾಣ. ಮೇಲೆ ಹೋಗುವಾಗ ಮಾತ್ರ ಮೇಲಕ್ಕೂ ಒಂದು ಹಾಕಿದೆ, ಎಸೆದ ಬಲ.

ಮೇಡಂ: ಸಿಕ್ಕಿತು ನೋಡು, ನಿನ್ನ ತಪ್ಪಿನ ಬೇರು ಅಲ್ಲಿದೆ. ಕೈ ಬಿಟ್ಟ ಮೇಲೆ ಆ ಚೆಂಡನ್ನು ಮೇಲಕ್ಕೆ ತಳ್ಳುತ್ತಿರೋದು ಯಾರು, ಹೇಳು?

ಕಿರಣ್: ಯಾರೂ ಇಲ್ಲ. ಮೂರರಲ್ಲೂ ಕೆಳಕ್ಕೆ ಒಂದೇ ಬಾಣ ಹಾಗಾದ್ರೆ?

ಮೇಡಂ: ಮೂರರಲ್ಲೂ. ಅಷ್ಟೇ ಉದ್ದದ್ದು.

ದೀಪಾ: ಮೇಡಂ?