ಫಿಸಿಯೋ ಮೇಡಂ ಅವರನ್ನು ಕೇಳಿ: ಅಕ್ಯುಪ್ರೆಶರ್, ಭಾನುವಾರ ಬೆಳಿಗ್ಗೆ 10ಕ್ಕೆ

ಅಡ್ಮಿನ್: ನೋವು, ಟೆನ್ಷನ್‌ಗೆ ಪಾಯಿಂಟ್ ಒತ್ತುವ ಬಗ್ಗೆ ಕೇಳಬಹುದು. ಮೇಡಂ ಫಿಸಿಯೋಥೆರಪಿಸ್ಟ್, ಅಕ್ಯುಪ್ರೆಶರ್ ಕೂಡ ಕಲಿತವರು. ಫಾರ್ವರ್ಡ್ ಹಾಕಬೇಡಿ ಪ್ಲೀಸ್.

ಲ್ಯಾಪ್‌ಟಾಪ್ ಹುಡುಗ: ಸಂಜೆ ಆದರೆ ಕುತ್ತಿಗೆ ಹಿಡಿದುಕೊಂಡು ತಲೆನೋವು ಮೇಡಂ. ಎಲ್ಲಿ ಒತ್ತಬೇಕು?

ಫಿಸಿಯೋ ಮೇಡಂ: ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದರೆ ಕೈ ಹಿಂಬದಿ ಮಾಂಸ ಉಬ್ಬುತ್ತದಲ್ಲ, ಆ ಉಬ್ಬಿನ ಮೇಲೆ. ಮೆಲ್ಲಗೆ ಶುರು ಮಾಡಿ, ಒಂದೆರಡು ನಿಮಿಷ ಸಾಕು. ಮಂದವಾಗಿ ನೋಯಬೇಕು, ಚುಚ್ಚಬಾರದು. ಕತ್ತಿನ ಹಿಂದೆ, ತಲೆಬುರುಡೆ ಮುಗಿಯುವಲ್ಲಿ ಎರಡು ಗುಳಿಗಳಿವೆ, ಅಲ್ಲೂ ಒತ್ತಬಹುದು. ಕತ್ತಿನ ಮುಂಭಾಗ, ಪಕ್ಕ ಮಾತ್ರ ಬೇಡವೇ ಬೇಡ, ಮಿದುಳಿಗೆ ರಕ್ತ ಹೋಗುವ ನಾಳ ಅಲ್ಲಿದೆ. ಗರ್ಭಿಣಿಯರು ಕೈಯ ಪಾಯಿಂಟ್ ಬಿಡಿ. ಮತ್ತೆ, ಲ್ಯಾಪ್‌ಟಾಪ್ ಎತ್ತರ ಸರಿ ಮಾಡದೆ ಬರೀ ಒತ್ತುತ್ತಾ ಕೂತರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಘಟ್ಟದ ಟೀಚರ್: ಬಸ್ಸಲ್ಲಿ ತಿರುವು ಶುರುವಾದರೆ ವಾಂತಿ ಬರುತ್ತದೆ.

ಫಿಸಿಯೋ ಮೇಡಂ: ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಗಲ ಬಿಟ್ಟು, ಒಳಗಡೆ, ಎರಡು ಹುರಿಗಳ ನಡುವೆ ಒತ್ತಿ. ಆಪರೇಷನ್ ನಂತರದ ವಾಕರಿಕೆಗೆ ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ, ಉಪಯೋಗ ಇದೆ. ಬಸ್ಸಿನ ವಾಂತಿ ಕೆಲವರಿಗೆ ನಿಲ್ಲುತ್ತದೆ, ಕೆಲವರಿಗೆ ಇಲ್ಲ.

ಎರಡು ಮಕ್ಕಳ ತಾಯಿ: 7 ವರ್ಷದ ಮಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ, ಪಾಯಿಂಟ್ ಇದೆಯಾ?

ಮಂಡ್ಯ ಕಡೆಯವನು: ಮೇಡಂ, ಅಮ್ಮನಿಗೆ 64. ಎಡ ಮಂಡಿ ಆಪರೇಷನ್ ಆಗಿ 3 ವಾರ. ನಾಲ್ಕು ದಿನದಿಂದ ಮೀನಖಂಡ ನೋವು. ವಿಡಿಯೋ ನೋಡಿ ಮೀನಖಂಡದ ಮಧ್ಯೆ ಒತ್ತುತ್ತಿದ್ದೇನೆ, ಕಡಿಮೆ ಆಗಿಲ್ಲ. ಇನ್ನೂ ಜೋರಾಗಿ ಒತ್ತಲಾ?

ಫಿಸಿಯೋ ಮೇಡಂ: ಒತ್ತಬೇಡಿ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಒಂದೇ ಕಾಲಾ? ಊದಿದೆಯಾ? ಮುಟ್ಟಿದರೆ ಬಿಸಿಯಾ?

ನಿವೃತ್ತ ಮೇಷ್ಟ್ರು: ಇದೆಲ್ಲ ನಮ್ಮದೇ ವಿದ್ಯೆ. ಕಿವಿ ಚುಚ್ಚುವುದು, ಕಾಲುಂಗುರ, ಬಳೆ, ಎಲ್ಲ ಪಾಯಿಂಟೇ. ಮರ್ಮ ಚಿಕಿತ್ಸೆ ಅಂತ ಸುಶ್ರುತರೇ ಹೇಳಿದ್ದಾರೆ, ಚೀನಾದವರು ಕದ್ದರು.

ಫಾರ್ಮಸಿ ಅಣ್ಣ: ಮೇಷ್ಟ್ರೇ, ಸುಶ್ರುತ ಸಂಹಿತೆಯ 107 ಮರ್ಮಗಳು ಪೆಟ್ಟು ಬೀಳಬಾರದ ಜಾಗಗಳು. ಬಿದ್ದರೆ ಪ್ರಾಣಕ್ಕೇ ಕುತ್ತು ಅಂತ ಕೆಲವನ್ನು ಬೇರೆಯಾಗಿಯೇ ಪಟ್ಟಿ ಮಾಡಿದ್ದಾರೆ. ಮೇಡಂ ಹೇಳಿದ್ದು ಚೀನೀ ಲೆಕ್ಕದ ಪಾಯಿಂಟು, ಅದರಲ್ಲಿ 361 ಇವೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ನಿವೃತ್ತ ಮೇಷ್ಟ್ರು: ಮಾತ್ರೆ ಮಾರುವವರಿಗೆ ಸಂಹಿತೆ ಯಾಕೆ?

ಫಾರ್ಮಸಿ ಅಣ್ಣ: ಓದಿ ಬಂದು ಮಾತಾಡಿ ಸಾರ್.

ಮಂಡ್ಯ ಕಡೆಯವನು: ಎಡಗಾಲು ಮಾತ್ರ ಮೇಡಂ. ಸ್ವಲ್ಪ ದಪ್ಪ ಆಗಿದೆ, ಬಿಸಿಯೂ ಇದೆ. ಆಪರೇಷನ್ ಆದ ಕಾಲಲ್ವಾ, ಅದಕ್ಕೇ ಅಂದುಕೊಂಡೆವು. ನಾಳಿದ್ದು ಹೇಗೂ ಚೆಕಪ್ ಇದೆ.

ಫಿಸಿಯೋ ಮೇಡಂ: ನಾಳಿದ್ದಲ್ಲ, ಇವತ್ತು. ಆಪರೇಷನ್ನಿನ ಊತವೇ ಇರಬಹುದು, ಆದರೆ ಅದನ್ನು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ. ಮಂಡಿ, ಸೊಂಟದ ಆಪರೇಷನ್ ಆದವರು ಓಡಾಡದೆ ಮಲಗಿದ್ದಾಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅದರ ಮೇಲೆ ಒತ್ತಿದರೆ ಹೆಪ್ಪು ಕಿತ್ತುಕೊಂಡು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳಬಹುದು, ಜೀವಕ್ಕೇ ಅಪಾಯ. ನಾನು ಇಂಥವರ ಎರಡೂ ಮೀನಖಂಡ ಮೊದಲು ಟೇಪಲ್ಲಿ ಅಳೆಯುತ್ತೇನೆ. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕೈ ಹಚ್ಚುವುದಿಲ್ಲ, ಸ್ಕ್ಯಾನಿಗೆ ಕಳಿಸುತ್ತೇನೆ. ನೀವು ಅಳೆಯುತ್ತಾ ಕೂರಬೇಡಿ. ರಕ್ತನಾಳದಲ್ಲಿ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಎದೆನೋವು, ಏದುಸಿರು, ಕೆಮ್ಮಿದರೆ ರಕ್ತ ಬಂದರೆ ತಕ್ಷಣ 108. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರಾ? ತೆಗೆದುಕೊಳ್ಳುತ್ತಿದ್ದಾರಾ?

ಮಂಡ್ಯ ಕಡೆಯವನು: ಕೊಟ್ಟಿದ್ದರು. ಹೊಟ್ಟೆ ಉರಿ ಅಂತ ಅಮ್ಮನೇ ನಿಲ್ಲಿಸಿದ್ದಾರಂತೆ, ಈಗ ಕೇಳಿದ ಮೇಲೆ ಹೇಳಿದರು.

ಫಿಸಿಯೋ ಮೇಡಂ: ಇದನ್ನು ಡಾಕ್ಟರಿಗೆ ಮೊದಲು ಹೇಳಿ. ಹೊರಡಿ.

ಶುಭೋದಯ ಗೆಳೆಯ: *ಫಾರ್ವರ್ಡ್ ಆಗಿದೆ:* ಪಾರ್ಶ್ವವಾಯು ಬಂದರೆ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ 🙏

ಫಿಸಿಯೋ ಮೇಡಂ: ಅಡ್ಮಿನ್, ಇದನ್ನು ತೆಗೆಯಿರಿ. ಪಾರ್ಶ್ವವಾಯು ಶುರುವಾದ ಮೇಲೆ ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅವಕಾಶ. ಅದರಲ್ಲಿ ನೀವು ಬೆರಳು ಚುಚ್ಚುತ್ತಾ ಕೂರುತ್ತೀರಾ?

ಶುಭೋದಯ ಗೆಳೆಯ: ಒಳ್ಳೆಯದಾಗಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಫಿಸಿಯೋ ಮೇಡಂ: ಈ ತಿಂಗಳು ಇದೇ ಮೆಸೇಜ್ ಮೂರನೇ ಸಲ, ಅದಕ್ಕೆ.

ಹೊಸ ಸದಸ್ಯ: ತಲೆನೋವಿಗೆ ಪಾಯಿಂಟ್ ತಿಳಿಸಿ ಮೇಡಂ.

ಫಿಸಿಯೋ ಮೇಡಂ: ಮೇಲಿದೆ.

ಅಂಗಡಿ ಮಾಲೀಕ: ಅಪ್ಪನಿಗೆ 12 ವರ್ಷದಿಂದ ಶುಗರ್, ಪಾದ ಜೋಮು. ಮುಳ್ಳುಮುಳ್ಳು ಇರುವ ಅಕ್ಯುಪ್ರೆಶರ್ ಚಪ್ಪಲಿ ಕೊಡಿಸಲಾ?

ಫಿಸಿಯೋ ಮೇಡಂ: ಬೇಡ. ಜೋಮು ಹಿಡಿದ ಪಾದಕ್ಕೆ ಗಾಯ ಆದರೂ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಅಂಗಾಲು ನೋಡಿ.

ನಿವೃತ್ತ ಮೇಷ್ಟ್ರು: ಎಲ್ಲದಕ್ಕೂ ಬೇಡ ಅನ್ನುವುದಾದರೆ ಈ ಕಾರ್ಯಕ್ರಮ ಯಾಕೆ?

ಲ್ಯಾಪ್‌ಟಾಪ್ ಹುಡುಗ: ನನಗೆ ಬೇಕು ಅಂದರಲ್ಲ ಸಾರ್ 😄

ಹೊಸ ಸದಸ್ಯ 2: ತಲೆನೋವಿಗೆ?

ಮಂಡ್ಯ ಕಡೆಯವನು: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ಭಾನುವಾರ, ಸ್ಕ್ಯಾನ್ ಮಾಡುವವರನ್ನು ಫೋನ್ ಮಾಡಿ ಕರೆಸುತ್ತಿದ್ದಾರೆ. ಕಾಯಲು ಹೇಳಿದ್ದಾರೆ. ಅಮ್ಮ ಮನೆಗೆ ಹೋಗೋಣ ಅಂತಿದ್ದಾರೆ.

ಫಿಸಿಯೋ ಮೇಡಂ: ಹೋಗಬೇಡಿ. ಡ್ಯೂಟಿ ಡಾಕ್ಟರಿಗೆ ಮಾತ್ರೆ ನಿಲ್ಲಿಸಿದ್ದು ಹೇಳಿದಿರಾ?