ನಾನು ಮೈನರ್ ಇದ್ದಾಗ ಮಾರಿದ ಸೈಟ್ ಬಗ್ಗೆ ಈಗ ಕೇಳಬಹುದಾ?

ತುಂಗೆದಡ
ನನಗೀಗ 19 ವರ್ಷ. ನಾನು ಐದನೇ ಕ್ಲಾಸಲ್ಲಿದ್ದಾಗ ಅಜ್ಜ ದಾನಪತ್ರ ಮಾಡಿ ಒಂದು ಸೈಟ್ ನನ್ನ ಹೆಸರಿಗೆ ಬರೆದಿದ್ದರು. ಅಪ್ಪ ತೀರಿಕೊಂಡ ಮೇಲೆ, ನನಗೆ 14 ಇದ್ದಾಗ, ದೊಡ್ಡಪ್ಪನ ಮಾತು ಕೇಳಿ ಅಮ್ಮ ಅದನ್ನು ಮಾರಿದರು. ಕೋರ್ಟ್ ಅನುಮತಿ ಯಾರೂ ತೆಗೆದುಕೊಂಡಿಲ್ಲ. ದುಡ್ಡು ಎಲ್ಲಿ ಹೋಯಿತು ಅಂತ ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ ಆಮೇಲೆ ಕೇಳೋಣ ಅಂತಿದ್ದೇನೆ. ಅಮ್ಮನನ್ನು ಕೋರ್ಟಿಗೆ ಎಳೆಯಲು ಮನಸ್ಸಿಲ್ಲ.

ಊರಗೌಡ
ಆತುರ ಬೇಡ ತಂಗಿ. ಆಸ್ತಿ ಕೇಸಿಗೆ 12 ವರ್ಷ ಟೈಮ್ ಇರುತ್ತದೆ. ಮೊದಲು ಓದು ಮುಗಿಸು.

ಕರಿಕೋಟು
ದಯವಿಟ್ಟು 12 ವರ್ಷ ಅಂತ ಸುಮ್ನೆ ಕೂರಬೇಡಿ. ನಾನು ವಕೀಲ, ಈ ತಪ್ಪು ಜಾಸ್ತಿ ನೋಡಿದ್ದೇನೆ. ಗಾರ್ಡಿಯನ್ ಮಾಡಿದ ಮಾರಾಟವನ್ನು ರದ್ದು ಮಾಡಿಸಲು ನಿಮಗಿರುವುದು 18 ತುಂಬಿದ ದಿನದಿಂದ 3 ವರ್ಷ ಮಾತ್ರ, ಅಂದರೆ 21ರ ಒಳಗೆ. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್ 8ನೇ ಸೆಕ್ಷನ್ ಪ್ರಕಾರ ಮೈನರ್ ಹೆಸರಿನ ಸೈಟನ್ನು ತಾಯಿಯಾದರೂ ಕೋರ್ಟ್ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಅದು ತಾನಾಗಿ ಬಿದ್ದುಹೋಗುವುದಿಲ್ಲ, ನೀವು ಬೇಡ ಅನ್ನಬೇಕು. 2025ರ ಅಕ್ಟೋಬರ್‌ನಲ್ಲಿ ದಾವಣಗೆರೆ ಕಡೆಯ ಸೈಟ್ ಕೇಸಲ್ಲೇ ಸುಪ್ರೀಂ ಕೋರ್ಟ್, ದಾವೆ ಹಾಕದಿದ್ದರೂ ಆ ಅವಧಿಯೊಳಗೆ ಸ್ಪಷ್ಟವಾದ ನಡೆಯಿಂದ ಮಾರಾಟವನ್ನು ತಳ್ಳಿಹಾಕಬಹುದು ಅಂತ ಹೇಳಿದೆ. ಆದರೂ ಸೈಟ್ ಬೇರೆಯವರ ಸ್ವಾಧೀನದಲ್ಲಿದ್ದರೆ ದಾವೆ ಹಾಕುವುದೇ ಭದ್ರ. ಒಂದು ಮಾತು, ಕೂಡು ಕುಟುಂಬದ ಆಸ್ತಿಯ ಪಾಲಾಗಿದ್ದರೆ ಲೆಕ್ಕ ಬೇರೆ. ದಾನಪತ್ರ ಇರುವುದು ಒಳ್ಳೆಯದೇ ಆಯಿತು.

ಅಮ್ಮನ ಬಗ್ಗೆ ಹೆದರಬೇಡಿ. ಇದು ಸಿವಿಲ್ ದಾವೆ. ಅವರನ್ನು ಪಾರ್ಟಿ ಮಾಡಿದರೂ ಜೈಲಿಗೆ ಕಳಿಸುವ ಕೇಸಲ್ಲ.

ಹೊಳೆಸಾಲು
ನನ್ನ ತಮ್ಮ ಇದೇ ತರ ಕಾದ. ವಕೀಲರ ಹತ್ತಿರ ಹೋದಾಗ ಅವನಿಗೆ 22. ಕಾಗದ ಎಲ್ಲ ಸರಿ ಇತ್ತು, ಟೈಮ್ ಮಾತ್ರ ಇರಲಿಲ್ಲ. ಅವತ್ತು ಅವನ ಮುಖ ನೋಡಲು ಆಗಲಿಲ್ಲ. ಇವತ್ತೇ ಶುರು ಮಾಡಮ್ಮಾ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ (ಸೈಟಿನ ಮೇಲೆ ಆದ ನೋಂದಣಿಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸು, ದಾನಪತ್ರದ್ದೂ ಕ್ರಯಪತ್ರದ್ದೂ ನಕಲು ಕೇಳು, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟುಕೋ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ತುಂಗೆದಡ
ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಟ್ರಂಕಿನಿಂದ ಅಜ್ಜನ ದಾನಪತ್ರ ತೆಗೆದುಕೊಟ್ಟರು. ಸೋಮವಾರ ಇಬ್ಬರೂ ಇಸಿ ತೆಗೆಸಲು ಹೋಗುತ್ತಿದ್ದೇವೆ.