‘ರೆಮಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಕ್ಕಳ ರಕ್ತ ಕ್ಯಾನ್ಸರ್ ಕುರಿತ ಒಂದು ಅಧ್ಯಯನಕ್ಕಾಗಿ, ತಂದೆತಾಯಿಗೆ ಕೊಡುವ ಮಾಹಿತಿ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಹುಪಾಲು ಮುಗಿದಿದೆ. ‘ರೆಮಿಷನ್’, ಅಂದರೆ ಚಿಕಿತ್ಸೆಯಿಂದ ರೋಗ ತಗ್ಗಿದ್ದರೂ ಪೂರ್ತಿ ವಾಸಿಯಾಯಿತು ಅನ್ನಲಾಗದ ಸ್ಥಿತಿ, ಆ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಾಲ್ಕು ಪುಟದಲ್ಲಿ ಅದು 11 ಸಲ ಬರುತ್ತದೆ, ಬಿಟ್ಟು ಮುಂದೆ ಹೋಗುವಂತಿಲ್ಲ.

ಮೊದಲ ಕರಡಿನಲ್ಲಿ ‘ಉಪಶಮನ’ ಅಂತ ಹಾಕಿದ್ದೆ. ವಾರ್ಡಿನಲ್ಲಿ ಒಬ್ಬ ತಾಯಿಗೆ ಅದನ್ನು ಓದಿ ಹೇಳಿದೆವು. ಹಾವೇರಿ ಕಡೆಯವರು. ನಾಲ್ಕು ವರ್ಷದ ಮಗ ತೊಡೆಯ ಮೇಲೆ ಮಲಗಿದ್ದ, ಸೂಜಿ ಹಾಕಿದ ಕೈಗೆ ಪಟ್ಟಿ ಸುತ್ತಿತ್ತು. “ಉಪಶಮನ ಅಂದ್ರ ಏನ್ರೀ?” ಅಂದರು. ನನ್ನ ಜೊತೆಗಿದ್ದವರು “ರೋಗ ಶಮನ ಆಗೋದು ಅಂತಮ್ಮ” ಅಂದರು. ಆ ತಾಯಿಯ ಮುಖ ಅರಳಿತು. “ಹಂಗಾರ ಆರಾಮ ಆಗ್ತತಿ ಅನ್ರಿ. ಆಮ್ಯಾಲ ಊರಿಗೆ ಕರ್ಕೊಂಡು ಹೋಗ್ಲೇನ್ರಿ? ಗುಳಿಗಿ ಬ್ಯಾಡೇನ್ರಿ?” ಅವರ ಆ ಸಂತೋಷವನ್ನು ನಾವೇ ಕಿತ್ತುಕೊಳ್ಳಬೇಕಾಯಿತು. ಅವತ್ತು ರಾತ್ರಿ ಆ ಪದವನ್ನು ಹೊಡೆದುಹಾಕಿದೆ.

ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ರಕ್ತ ಕ್ಯಾನ್ಸರ್ ‘ಎಎಲ್‌ಎಲ್’. ಮೊದಲ ನಾಲ್ಕೈದು ವಾರ ಜೋರಾದ ಚಿಕಿತ್ಸೆ. ಆಮೇಲೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡುತ್ತಾರೆ. ಅದರಲ್ಲಿ ಕ್ಯಾನ್ಸರ್ ಜೀವಕೋಶ ನೂರಕ್ಕೆ 5ಕ್ಕಿಂತ ಕಡಿಮೆಯಾಗಿ, ರಕ್ತದ ಎಣಿಕೆಯೂ ಸರಿಹೋಗಿದ್ದರೆ ರೆಮಿಷನ್ ಅನ್ನುತ್ತಾರೆ. ಆದರೆ ಲೆಕ್ಕ ನೋಡಿ. ರೋಗ ಪತ್ತೆಯಾದಾಗ ಮಗುವಿನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೋಟಿ ಕ್ಯಾನ್ಸರ್ ಜೀವಕೋಶ ಇರುತ್ತವೆ. ನೂರಕ್ಕೆ 99 ಸತ್ತರೂ ಸಾವಿರ ಕೋಟಿ ಉಳಿಯಿತು ಅಲ್ವಾ? ಅದಕ್ಕೇ ಎರಡರಿಂದ ಮೂರು ವರ್ಷ ಔಷಧಿ ನಡೆಯಲೇಬೇಕು. ಕೊನೆಯ ಹಂತದಲ್ಲಿ ದಿನಾ ಒಂದು ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು. ಆ ಹೊತ್ತಿಗೆ ಮಗು ಆಡಿಕೊಂಡು ಓಡಾಡಿಕೊಂಡು ಇರುತ್ತದೆ. ‘ಗುಣವಾಗಿದೆ’ ಅಂತ ಕಾಗದದಲ್ಲಿ ಬರೆದರೆ ಮಾತ್ರೆ ನಿಂತೇಹೋಗುತ್ತದೆ.

‘ಹತೋಟಿಗೆ ಬಂದಿದೆ’ ಅಂತಲೂ ನೋಡಿದೆ. ನಮ್ಮ ಜನಕ್ಕೆ ಹತೋಟಿ ಅಂದ ಕೂಡಲೇ ಶುಗರ್, ಬಿಪಿ ನೆನಪಾಗುತ್ತದೆ. ಅಂದರೆ ಸಾಯೋತನಕ ಮಾತ್ರೆ. ಇಲ್ಲಿ ಹಾಗಲ್ಲ, ಪೂರ್ತಿ ವಾಸಿ ಮಾಡುವುದೇ ಗುರಿ.

ನನಗೆ ತುಂಬಾ ಹಿಡಿಸಿದ್ದು ‘ಅಡಗು’. ಗಾಳಿ ಅಡಗಿತು, ಸೊಕ್ಕು ಅಡಗಿತು ಅನ್ನುತ್ತೇವೆ. ಕಳ್ಳ ಅಡಗಿದ ಅಂತಲೂ ಅನ್ನುತ್ತೇವೆ. ತಗ್ಗುವುದು, ಬಚ್ಚಿಟ್ಟುಕೊಳ್ಳುವುದು ಎರಡೂ ಒಂದೇ ಪದದಲ್ಲಿವೆ, ಈ ರೋಗ ಮಾಡುವುದೂ ಅದನ್ನೇ! ಆದರೆ ವಾಕ್ಯದಲ್ಲಿ ಇಟ್ಟು ನೋಡಿದಾಗ ಹೆದರಿಕೆಯಾಯಿತು. ‘ರೋಗ ಅಡಗಿತು’ ಅಂದರೆ ಸಮಾಧಾನ. ‘ಮಜ್ಜೆಯಲ್ಲಿ ರೋಗ ಅಡಗಿದೆ’ ಅಂದರೆ ಒಳಗೆ ಹೊಂಚು ಹಾಕಿ ಕೂತಿದೆ ಅಂತ. ಒಂದು ‘ಅಲ್ಲಿ’ ಸೇರಿದರೆ ಸಾಕು, ಅರ್ಥ ತಿರುಗಿಬೀಳುತ್ತದೆ. ಮಗುವಿನ ರಿಪೋರ್ಟು ಕೈಯಲ್ಲಿ ಹಿಡಿದವರಿಗೆ ಈ ಕಷ್ಟ ಕೊಡಲಾರೆ.

ಆಮೇಲೆ ಹೊಳೆದದ್ದು ಜ್ವರದ ಮಾತು. ಮನೆಯಲ್ಲಿ ಮಗುವಿನ ಹಣೆ ಮುಟ್ಟಿ ನೋಡಿ “ಜ್ವರ ಇಳಿದಿದೆ, ಇನ್ನೂ ಬಿಟ್ಟಿಲ್ಲ” ಅನ್ನುತ್ತೇವೆ. ಇಳಿಯುವುದು ಬೇರೆ, ಬಿಡುವುದು ಬೇರೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಿರುಗಿ ಬಂದರೆ ‘ಮರುಕಳಿಸಿತು’ ಅನ್ನುತ್ತೇವೆ. ನನಗೆ ಬೇಕಾದ ಮೂರೂ ಅಲ್ಲೇ ಇವೆ.

ಈ ರೋಗಕ್ಕೆ ಚಿಕಿತ್ಸೆ ಹುಡುಕಿದ ಕತೆಯನ್ನೂ ಆ ಮಾತುಗಳಲ್ಲೇ ಹೇಳಬಹುದು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟು, 1948ರಲ್ಲಿ ವರದಿ ಪ್ರಕಟಿಸಿದರು. ಆ ಔಷಧಿ ಬಂದದ್ದು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳಾಗಿದ್ದ ಪ್ರಯೋಗಾಲಯದಿಂದ. 10 ಮಕ್ಕಳಲ್ಲಿ ರೋಗ ಇಳಿಯಿತು, ಬಿಡಲಿಲ್ಲ. ಫಾರ್ಬರ್ ವರದಿಯ ತಲೆಬರಹದಲ್ಲೇ ರೆಮಿಷನ್ ಹಿಂದೆ ‘ತಾತ್ಕಾಲಿಕ’ ಅಂತ ಸೇರಿಸಿದ್ದರು. ಅವರಿಗೂ ಆ ಪದವೊಂದೇ ಸಾಕೆನಿಸಿರಲಿಲ್ಲ ಅಂತ ನನಗೆ ಅನಿಸುತ್ತದೆ. 1960ರ ದಶಕದಲ್ಲಿ ಮೆಂಫಿಸ್‌ನ ಡೊನಾಲ್ಡ್ ಪಿಂಕೆಲ್ ತಂಡ, ರೋಗ ಇಳಿದ ಮೇಲೂ ಎರಡು ಮೂರು ವರ್ಷ ಔಷಧಿ ಮುಂದುವರಿಸಿತು, ಮೆದುಳಿಗೂ ಚಿಕಿತ್ಸೆ ಕೊಟ್ಟಿತು. ಸುಮಾರು ಅರ್ಧದಷ್ಟು ಮಕ್ಕಳನ್ನು ರೋಗ ಬಿಟ್ಟೇಹೋಯಿತು. ಇವತ್ತು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 90ರಷ್ಟು ಮಕ್ಕಳು ಉಳಿಯುತ್ತಾರೆ.

ಹಾಗಾಗಿ ವಾಕ್ಯಗಳಲ್ಲಿ ‘ರೋಗ ಇಳಿದಿದೆ, ಇನ್ನೂ ಬಿಟ್ಟಿಲ್ಲ’ ಅಂತಲೇ ಬರೆಯುತ್ತಿದ್ದೇನೆ. ತೊಡಕಿರುವುದು ಹೆಸರುಪದದಲ್ಲಿ. ‘ರೆಮಿಷನ್ ದಿನಾಂಕ’, ‘ಎರಡನೇ ರೆಮಿಷನ್’ ಅಂತ ಬಂದಾಗ ಏನು ಮಾಡೋಣ? ‘ಇಳಿತ’ ಅಂದರೆ ಕಡಲಿನ ಭರತ ಇಳಿತವೇ ಕಣ್ಣಮುಂದೆ ಬರುತ್ತದೆ. ‘ರೋಗಯಿಳಿತ’ ಬಾಯಿಗೆ ಕೂರುತ್ತಿಲ್ಲ. ‘ರೋಗದ ಇಳಿಕೆ’ ಅಂದರೆ ಸುಮ್ನೆ ಸ್ವಲ್ಪ ಕಡಿಮೆಯಾಯಿತು ಅನ್ನುವಂತಿದೆ. ನಿಮ್ಮ ಕಡೆ ಹಳಬರು ಚಳಿಜ್ವರಕ್ಕೋ ಉಬ್ಬಸಕ್ಕೋ, ಕಾಯಿಲೆ ಬಿಡುವು ಕೊಟ್ಟ ಕಾಲಕ್ಕೆ ಏನಾದರೂ ಹೆಸರು ಹೇಳುತ್ತಿದ್ದರಾ? ಕರಾವಳಿ, ಮಲೆನಾಡಿನವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಹಾಳೆ ಮುಂದಿನ ಸೋಮವಾರ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಹೋಗಬೇಕು.